ಮೂರನೇ ಸಾಲಿನ ಫ್ಯಾಕ್ಟರ್

ಸಂಶೋಧನಾಲಯದ ಮೂರನೇ ಸಾಲಿನ ಪಂಜರದ ಇಲಿಗಳು ಬುದ್ಧಿವಂತವಾದದ್ದೇ ಎಡವಟ್ಟಾಯಿತು. ಎಲ್ಲ ಸಾಲಿಗೂ ಒಂದೇ ಕಾಳು, ಒಂದೇ ನೀರು. ಉಳಿದವು ಹಲಗೆಯ ಚಕ್ರವ್ಯೂಹದಲ್ಲಿ ಸುತ್ತಿ ಸುತ್ತಿ ಸುಸ್ತಾದರೆ, ಈ ಎಂಟು ಮಾತ್ರ ಮಾವನ ಮನೆಗೆ ಹೊರಟ ಅಳಿಯಂದಿರಂತೆ ನೆಟ್ಟಗೆ ನಡೆದು ಆಚೆ ಬಾಗಿಲು ಸೇರುತ್ತಿದ್ದವು.

"ಇದರ ಹಿಂದೆ ಯಾವುದೋ ಫ್ಯಾಕ್ಟರ್ ಇದೆ. ಸಂಜೆಯೊಳಗೆ ಸಿಗದಿದ್ರೆ ಇಡೀ ಪ್ರಯೋಗ ಕೆಡುತ್ತೆ, ಈ ಸಾಲನ್ನೇ ಮುಗಿಸಿಬಿಡು," ಎಂದು ದೊಡ್ಡ ಡಾಕ್ಟರಮ್ಮ ಹೇಳಿ ಹೋದರು.

ಮುಗಿಸಬೇಕಾದವನು ಇಲಿಯಪ್ಪ. ಇಲ್ಲಿ ಪಂಜರ ತೊಳೆಯಲು ಸೇರಿ ಹತ್ತೊಂಬತ್ತು ವರ್ಷವಾಗಿ, ಅವನ ಸ್ವಂತ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದಿತ್ತು. ಮನೆಯಲ್ಲಿ ನಾಲ್ಕು ಗೋಡೆ ಬಿಟ್ಟರೆ ಯಾರೂ ಇಲ್ಲ. ಆ ಎಂಟನ್ನು ಮುಗಿಸುವುದೆಂದರೆ ಮನೆಯವರನ್ನು ಮುಗಿಸಿದಂತೆಯೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಫ್ಯಾಕ್ಟರ್ ಹುಡುಕುತ್ತ, ಪೊರಕೆ ಹಿಡಿದೇ ಮಹಡಿ ಹತ್ತಿದ.

ಅಲ್ಲಿ ಪ್ರಯೋಗಗಳ ಅಂಕಿಅಂಶ ನೋಡುವ ಲೆಕ್ಕದ ಮೇಷ್ಟ್ರು ತಲೆ ಎತ್ತದೆಯೇ, ಶೇಷ ಉಳಿಯದಂತೆ ಭಾಗಿಸುವ ಸಂಖ್ಯೆಯೇ ಫ್ಯಾಕ್ಟರ್ ಎಂದರು. ಇಲಿಯಪ್ಪ ಓಡಿಬಂದು ಇಲಿಗಳನ್ನು ಎರಡೆರಡಾಗಿ ಭಾಗಿಸತೊಡಗಿದ. ಒಂದು ಅಂಗಿಯೊಳಗೆ ನುಗ್ಗಿತು. ಹಿಡಿಯಹೋದರೆ ಬೆರಳು ಕಚ್ಚಿತು. ಆ ಬೆರಳು ಹಿಡಿದು ರಕ್ತದ ವಿಭಾಗಕ್ಕೆ ಹೋದರೆ ಅಲ್ಲಿನ ಅಕ್ಕ, ಫ್ಯಾಕ್ಟರ್ ಅಂದರೆ ರಕ್ತ ಹೆಪ್ಪುಗಟ್ಟಿಸುವಂಥದ್ದು ಎಂದು ಹತ್ತಿ ಒತ್ತಿದಳು. "ನೋಡು, ನಿಂತೇ ಹೋಯ್ತು. ನಿನ್ನಲ್ಲಿ ಬೇಕಾದಷ್ಟಿದೆ, ಹೋಗು."

ಕಟ್ಟಡದ ಇಂಜಿನಿಯರು ಬೇರೆಯೇ ರಾಗ ಹಾಡಿದರು: ಒಂದರಷ್ಟು ಬಲ ಸಾಕಾದ ಕಡೆ ಮೂರರಷ್ಟು ಇಡುವುದು, ಅದು ಸೇಫ್ಟಿ ಫ್ಯಾಕ್ಟರ್. ಓದಿದವರು ಒಂದು ಮಾತಿಗೆ ಮೂರರ್ಥ ಹೇಳಿದರೆ ಶಾಸ್ತ್ರ. ಓದದವನು ಹೇಳಿದರೆ ಸುಳ್ಳು. ಆದರೂ ಈ ಅರ್ಥ ಇಲಿಯಪ್ಪನಿಗೆ ಹಿಡಿಸಿತು. ಪಂಜರಕ್ಕೆ ಒಂದರ ಜಾಗದಲ್ಲಿ ಮೂರು ಬೀಗ ಜಡಿದ.

ಸಂಜೆ ಡಾಕ್ಟರಮ್ಮ ಬಂದಾಗ ಪಂಜರ ಖಜಾನೆಯಾಗಿತ್ತು. ಇವನೇ ಏನೋ ಕಿತಾಪತಿ ಮಾಡಿದ್ದಾನೆಂದು ಎಲ್ಲರನ್ನೂ ಕರೆಸಿ, ತಿಂಗಳ ಕ್ಯಾಮೆರಾ ಚಿತ್ರ ಹಾಕಿಸಿದರು.

ದಿನಾ ಮಧ್ಯಾಹ್ನ ಮೂರನೇ ಸಾಲಿನ ಮುಂದೆ, ಸ್ಟೂಲಿನ ಮೇಲೆ ಇಲಿಯಪ್ಪ. ತುತ್ತು ಕೈಯಲ್ಲೇ ಒಣಗುವಷ್ಟು ಮಾತು. ಮೊಣಕಾಲು ನೋವು, ಬಸ್ಸಿನಲ್ಲಿ ಪಕ್ಕ ಕೂತವನು ಎದ್ದು ಬೇರೆ ಸೀಟಿಗೆ ಹೋದದ್ದು, ಎಲ್ಲ. "ನಿಮಗೆ ಹೇಳ್ದೆ ಇನ್ಯಾರಿಗೆ ಹೇಳ್ಲಿ, ಮರಿ?" ಎಂಟೂ ಇಲಿಗಳು ಜಾಲರಿಗೆ ಕಿವಿಯಾನಿಸಿ ಕೂತಿದ್ದವು.

ಡಾಕ್ಟರಮ್ಮ ಮೊದಲ ಸಲ ಅವನ ಮುಖ ನೋಡಿ ಕೈ ಕುಲುಕಿದರು. "ನೀನೇ ಕಣಪ್ಪಾ ಆ ಫ್ಯಾಕ್ಟರ್."

ಇಲಿಗಳು ಬದುಕಿಕೊಂಡವು. ಇಲಿಯಪ್ಪನ ಎದೆ ಸೈಕಲ್ ಟ್ಯೂಬಿನಂತೆ ಉಬ್ಬಿತು. ಆದರೆ ಸಿಕ್ಕ ಫ್ಯಾಕ್ಟರನ್ನು ಬೇರ್ಪಡಿಸಿ, ಅದಿಲ್ಲದೆ ಇಲಿಗಳು ಏನಾಗುತ್ತವೆಂದು ನೋಡಬೇಕಂತೆ, ಅದು ಪದ್ಧತಿಯಂತೆ. ನಾಳೆಯಿಂದ ಅವನಿಗೆ ಗೇಟಿನ ಕೆಲಸ; ಈ ಕೋಣೆಗೆ ಕಾಲಿಡುವಂತಿಲ್ಲ. ಅಲ್ಲೇ ಗೇಟಿನವನನ್ನು ಕರೆಸಿ ಪೊರಕೆ ಕೊಟ್ಟು, ಇಲಿಗಳ ಜೊತೆ ಮಾತಾಡಕೂಡದೆಂದು ಕಟ್ಟಪ್ಪಣೆ ಮಾಡಿದರು.

"ಇಲಿ ಜೊತೆ ಯಾರ್ ಮಾತಾಡ್ತಾರೆ ಮೇಡಂ?" ಎಂದ ಗೇಟಿನವನು.

ಎಲ್ಲರೂ ನಕ್ಕರು. ಇಲಿಯಪ್ಪನೂ ನಕ್ಕ. ನಗದಿದ್ದರೆ ಅದಕ್ಕೂ ಒಂದು ಫ್ಯಾಕ್ಟರ್ ಹುಡುಕುವ ಜನ.