ಸಿಂಗಾಪುರ ಸರ್ಕಾರದ ಮಸ್ಕಿ ಶಾಖೆ

ನಮ್ಮ ಸೋದರಮಾವ ಕೆಲವು ವರ್ಷ ಮಸ್ಕಿಯಲ್ಲಿ ಕೂತು ಸಿಂಗಾಪುರ ಸರ್ಕಾರ ನಡೆಸಿದರು. ಈ ವಿಷಯ ಸಿಂಗಾಪುರಕ್ಕೆ ಮಾತ್ರ ಗೊತ್ತಿರಲಿಲ್ಲ!

ಬಸ್ ನಿಲ್ದಾಣದ ಎದುರು ಅವರದು ಕಿರಾಣಿ ಅಂಗಡಿ. ಎಂಬತ್ತರ ದಶಕದ ಕೊನೆಗೆ ವ್ಯಾಪಾರಿಗಳ ಗುಂಪಿನೊಡನೆ ಆ ದೇಶ ನೋಡಿಬಂದರು. ಉಳಿದವರು ಟೇಪ್ ರೆಕಾರ್ಡರ್, ಕೈಗಡಿಯಾರ, ಹೊಳೆಯುವ ಸೀರೆ ತಂದರು. ಮಾವ ಒಂದು ಫೋಟೋ ತಂದರು. ಅದರಲ್ಲಿ ಅವರು ಒಂದು ಕಸದ ಡಬ್ಬಿಯ ಪಕ್ಕ, ತಮ್ಮ ಮದುವೆಯ ಫೋಟೋದಲ್ಲೂ ನಿಲ್ಲದಷ್ಟು ನೆಟ್ಟಗೆ ನಿಂತಿದ್ದರು.

"ನನಗೇನ್ ತಂದೀರಿ?" ಎಂದರು ಅತ್ತೆ.

"ಅಲ್ಲಿ ರಸ್ತೆ ಮ್ಯಾಲ ಉಗುಳಿದ್ರ ಸರ್ಕಾರ ಜುಲ್ಮಾನೆ ಹಾಕ್ತೈತಿ."

"ಅದನ್ನ ಉಟ್ಕೊಳ್ಳಾಕ ಬರ್ತೈತೇನು?"

ಮಾವನಿಗೆ ಇಂಥ ಮಾತು ತಾಕುತ್ತಿರಲಿಲ್ಲ. ಕೊಳೆತು ನಾರುತ್ತಿದ್ದ ಹೊಳೆಯನ್ನು ಅಲ್ಲಿನ ಸರ್ಕಾರ ತೊಳೆದು ತಿಳಿ ಮಾಡಿತ್ತಂತೆ. ಮಂತ್ರಿಗಳೇ ವರ್ಷಕ್ಕೊಮ್ಮೆ ಗುದ್ದಲಿ ಹಿಡಿದು ಸಸಿ ನೆಡುತ್ತಿದ್ದರಂತೆ. ನೆಟ್ಟ ಮೇಲೆ ನೀರನ್ನೂ ಹಾಕಿಸುತ್ತಿದ್ದರಂತೆ!

"ನಮ್ಮ ತಾಲೂಕಿಗಿಂತ ಸಣ್ಣ ದೇಶ ಅದು. ಅವ್ರಿಗೆ ಆದದ್ದು ನಮಗ್ಯಾಕ ಆಗಂಗಿಲ್ಲ?"

ನಿಲ್ದಾಣದಲ್ಲಿ ಆಗ ನೆರಳು ಎಂಬುದಿರಲಿಲ್ಲ. ಸಿಂಧನೂರಿನ ಬಸ್ಸಿಗೆ ಕಾಯುವವರು ವಿದ್ಯುತ್ ಕಂಬದ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ನಿಲ್ಲುತ್ತಿದ್ದರು. ಮಾವ ರಸ್ತೆಯುದ್ದಕ್ಕೂ ಬೇವಿನ ಸಸಿ ನೆಟ್ಟು, ಜಾಲಿಮುಳ್ಳಿನ ಬೇಲಿ ಕಟ್ಟಿ, ಕಾನೂನು ಸಾರಿದರು. ರಸ್ತೆಯಲ್ಲಿ ಉಗುಳಿದವರು ಕೈಪಂಪಿನ ಬೋರಿಂಗಿನಿಂದ ಒಂದು ಕೊಡ ನೀರು ತಂದು ಸಸಿಗೆ ಹಾಕಬೇಕು. ಹಾಕದವರಿಗೆ ಬೆಲ್ಲ ತೂಗುವುದಿಲ್ಲ.

ಪಕ್ಕದ ಅಂಗಡಿಯ ಟೇಲರ್ ಮೊದಲ ಅಪರಾಧಿ. ಬಾಯಲ್ಲಿ ಎಲೆ ಅಡಿಕೆ ಇಲ್ಲದೆ ಅವನ ಮಷೀನು ಓಡುತ್ತಿರಲಿಲ್ಲ.

"ಸಾವ್ಕಾರ್ರ, ನಾ ಉಗುಳಿದ್ದು ನನ್ನ ಅಂಗಡಿ ಮುಂದ್ರಿ!"

"ಹಾರಿ ಬಿದ್ದದ್ದು ನನ್ನ ಸರಹದ್ದಿನಾಗ. ಕೊಡ ಎತ್ತಲೇ!"

ಒಮ್ಮೆ ಬಸ್ಸಿನ ಕಂಡಕ್ಟರನೂ ಸಿಕ್ಕಿಬಿದ್ದ. ಅವನು ಕೊಡ ಹೊತ್ತು ಬರುವವರೆಗೆ ಮಾವ ಬಸ್ಸಿಗೆ ಅಡ್ಡ ನಿಂತರು. ತಡವೇಕೆಂದು ರೇಗಿದ ಪ್ರಯಾಣಿಕರಿಗೆ ಡ್ರೈವರು, "ನೀರು ಹಾಕಾಕತ್ತಾರ್ರಿ" ಎಂದ. ಸುಳ್ಳೇನಲ್ಲ.

ನಾನಾಗ ಲಿಂಗಸುಗೂರಿನಲ್ಲಿ ಮಾಸ್ತರ. ಐದಕ್ಕೆ ಎದ್ದು, ಆರಕ್ಕೆ ನಡೆದು, ಏಳಕ್ಕೆ ತಿಂಡಿ ತಿನ್ನುವವನು. ಶಿಸ್ತು ನನಗೆ ಹೊಸದಲ್ಲ. ಆದರೆ ಶಿಸ್ತು ಗೆದ್ದರೆ ಎಂಥ ಅನಾಹುತವಾಗುತ್ತದೆ ಎಂಬುದನ್ನು ನೋಡಿದ್ದು ಮಸ್ಕಿಯಲ್ಲೇ. ಎರಡನೆಯ ಬೇಸಿಗೆಗೆ ಜನರೆಲ್ಲ ಸುಧಾರಿಸಿಬಿಟ್ಟರು. ಒಬ್ಬರೂ ಉಗುಳಲಿಲ್ಲ. ರಸ್ತೆ ಫಳಫಳ, ಸಸಿಗಳು ಬಾಡಿ ತಲೆ ಬಾಗಿಸಿದವು!

ಒಂದು ಭಾನುವಾರ ನಾನು ಮಸ್ಕಿಯಲ್ಲಿ ಬಸ್ಸಿಳಿದಾಗ ಮಾವನ ದವಡೆ ಉಬ್ಬಿತ್ತು. ಹಬ್ಬದೂಟದ ಮೇಲೂ ಎಲೆ ಅಡಿಕೆ ಮುಟ್ಟದ ಮನುಷ್ಯ! ಮುಖ ಹುಳ್ಳಗೆ ಮಾಡಿ ರಸ್ತೆಗೆ ಉಗುಳಿದರು, "ನಾಚಿಕಿ ಇಲ್ಲೇನ್ ನಿನಗ?" ಎಂದು ತಮ್ಮನ್ನೇ ಗದರಿಸಿಕೊಂಡರು, ಕೊಡ ಎತ್ತಿಕೊಂಡು ಬೋರಿಂಗಿಗೆ ನಡೆದರು.

"ಮಾವ, ಉಗುಳದನ ನೀರು ಹಾಕಬಹುದಲ್ರಿ?"

ಅವರು ನನ್ನನ್ನು ಮರುಕದಿಂದ ನೋಡಿದರು. "ಅದು ಮಾಲಿ ಕೆಲಸ ಆಕ್ಕೈತಿ, ಮಾಸ್ತರ. ಸರ್ಕಾರ ಅನ್ನಿಸ್ಕೊಳ್ಳಂಗಿಲ್ಲ."

ಹೀಗೆ ದಿನವಿಡೀ ತಾವೇ ಉಗುಳಿ, ತಾವೇ ಹಿಡಿದು, ತಾವೇ ಹೊತ್ತು, ಕೊನೆಗೊಂದು ದಿನ ಬೋರಿಂಗಿನ ಕೆಸರಿನಲ್ಲಿ ಜಾರಿ ಕಾಲು ಮುರಿದುಕೊಂಡರು. ಪಟ್ಟಿ ಕಟ್ಟಿಸಿಕೊಂಡು ಮಲಗಿದವರಿಗೆ ಕಾಲಿನ ನೋವು ನೆನಪೇ ಇರಲಿಲ್ಲ. ಹೊರಗೆ ಬಿಸಿಲು ಉರಿಯುತ್ತಿತ್ತು. ನೋಡಲು ಹೋದ ನನ್ನ ಕೈ ಹಿಡಿದು ಕೇಳಿದರು:

"ಮಾಸ್ತರ, ಊರಾಗ ಯಾರಾರ ಉಗುಳಾಕತ್ತಾರೇನು?"

ಅಷ್ಟು ಸಣ್ಣ ದನಿಯನ್ನು ಅವರ ಬಾಯಿಂದ ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಟೇಲರ್ ಬಂದು ಬಾಗಿಲಲ್ಲಿ ನಿಂತ. ಮೊಣಕಾಲವರೆಗೆ ಒದ್ದೆ.

"ಸಾವ್ಕಾರ್ರ, ಜುಲ್ಮಾನೆ ಕಟ್ಟಿ ಬಂದೀನ್ರಿ."

ಮಾವನ ಮುಖ ಅರಳಿತು. ತಕ್ಷಣ ಸರ್ಕಾರದ ಗತ್ತೂ ಬಂತು. "ಎಲ್ಲಿ ಉಗುಳಿದ್ಯೋ?"

"ಉಗುಳಿಲ್ರಿ." ಅವನು ತಲೆ ಕೆರೆದುಕೊಂಡ. "ಹೊರಗ ಇನ್ನಾ ಮಂದಿ ಅದಾರ್ರಿ, ಕಂಡಕ್ಟರ್ ಸೈತ. ಎಲ್ಲಾರೂ ಕೊಡ ಹಾಕೇ ಬಂದಾರ. ಅವ್ರೂ ಉಗುಳಿಲ್ಲ."

ಸಿಂಗಾಪುರ ಸರ್ಕಾರ ಗೋಡೆಯ ಕಡೆ ಮುಖ ತಿರುಗಿಸಿತು. ಅತ್ತೆ ತಮ್ಮ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಅದರ ಕಣ್ಣೊರೆಸಿದರು.