ವೇಲ್ಸಿನ ಗಂಟೆ, ಅತ್ತೆಯ ಕಣ್ಣು

ಎಂದಿನಂತೆ ಎದ್ದು, ಜೋಳದ ರೊಟ್ಟಿ ಬಡಿದು, ಕೈಗಂಟಿದ ಹಿಟ್ಟನ್ನು ಸೋಪು ಹಚ್ಚಿ ತಿಕ್ಕಿ ತೊಳೆದು, ಅತ್ತೆಯ ಕಣ್ಣಿಗೆ ಔಷಧಿ ಹಾಕಲು ಹೋದೆ. ಆಪರೇಷನ್ ಆಗಿ ವಾರವೂ ಕಳೆದಿಲ್ಲ. ಬಗ್ಗಬಾರದು, ಭಾರ ಎತ್ತಬಾರದು, ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ ಮಲಗಬೇಕು, ಇಲ್ಲದಿದ್ದರೆ ಕಣ್ಣು ಕೈಕೊಟ್ಟೀತು ಎಂದು ಡಾಕ್ಟರು ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳಿದ್ದರು. ಅತ್ತೆ ಎರಡೂ ಭಾಷೆಗೆ ತಲೆಯಾಡಿಸಿ ಬಂದಿದ್ದರು. ಆದರೆ ಯಜಮಾನರು ಕುರಿ ಹೊಡೆದುಕೊಂಡು ಹೊರಟು, ಓಣಿಯಲ್ಲಿ ಕೊರಳಗಂಟೆ ಕೇಳಿಸಿದರೆ ಮುಗಿಯಿತು, ಅವರಿಗೆ ಯಾವ ಭಾಷೆಯೂ ನೆನಪಿರುವುದಿಲ್ಲ.

ಇವತ್ತೂ ಹನಿ ಹಾಕಿದ್ದೇ ತಡ, ಹಾಗೇ ಆಯಿತು. “ಕುಂಟ ಮರಿ ಹಿಂದ ಉಳದಿರ್ತೈತಿ, ಎತ್ತಿ ಕೊಟ್ಟು ಬರ್ತೀನಿ,” ಎಂದು ಎದ್ದೇಬಿಟ್ಟರು. ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು ಇಷ್ಟು: “ಅತ್ತಿ, ಅದು ಕುರಿ ಗಂಟಿ ಅಲ್ಲರಿ, ಸಮುದ್ರದಾಗಿನ ಗಂಟಿ!”

ಅತ್ತೆ ಕುಳಿತರು. “ಎಲ್ಲಿ ಸಮುದ್ರ?”

“ವೇಲ್ಸದಾಗರಿ.”

“ಅಯ್ಯ, ಇಷ್ಟು ದಿನ ಯಾರೂ ಹೇಳಲೇ ಇಲ್ಲಲ್ಲ!”

ವೇಲ್ಸ್ ನಮ್ಮ ಸಿಸ್ಟರ್ ಹುಟ್ಟಿದ ನಾಡು. ಮಿರಜಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ನಮಗೆ ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಅವರು ಅಲ್ಲಿನ ತಮ್ಮ ಪುಟ್ಟ ಕಡಲೂರಿನ ಕಥೆ ಹೇಳುತ್ತಿದ್ದರು. ಬಣ್ಣಬಣ್ಣದ ಮನೆಗಳ ಒಂದೇ ಸಾಲು. ದಂಡೆಯ ತುಂಬ ದುಂಡು ಕಲ್ಲುಗಳು. ಅಲೆ ಹಿಂದೆ ಸರಿದಾಗ ಡಬ್ಬಿಯೊಳಗಿನ ಶೇಂಗಾದಂತೆ ಸದ್ದು ಮಾಡುತ್ತವಂತೆ. ನೀರು ಇಳಿದರೆ ಮುಳುಗಿದ ಕಾಡಿನ ಮೋಟುಗಳು ಕಾಣುತ್ತವೆ. ಅದರಾಚೆ ಒಂದು ಊರೇ ಮುಳುಗಿದೆ. ಹಬ್ಬದ ದಿನ ಒಡ್ಡಿನ ಗೇಟು ಕಾಯುವವನು ಕುಡಿದು ಮಲಗಿದ್ದ, ಸಮುದ್ರ ಒಳಗೆ ಬಂತು. ಆ ಊರಿನ ಗಂಟೆಗಳು ಈಗಲೂ ನೀರಿನಡಿಯಿಂದ ಕೇಳಿಸುತ್ತವೆ. ಆದರೆ ಕಣ್ಣು ಮುಚ್ಚಿ, ಅಲುಗಾಡದೆ ಮಲಗಿದವರಿಗೆ ಮಾತ್ರ! ಈ ಕೊನೆಯ ಷರತ್ತು ಕಥೆಯದೋ ಸಿಸ್ಟರದೋ ಎಂಬ ಅನುಮಾನ ನನಗೆ ಇವತ್ತೇ ಬಂದದ್ದು.

ಅತ್ತೆ ಕಣ್ಣು ಮುಚ್ಚಿ ಮಲಗಿದರು. “ಕುಡುಕನ ಕೈಯಾಗ ಗೇಟ್ ಕೊಟ್ಟಾರ ನೋಡು, ಶ್ಯಾಣ್ಯಾ ಮಂದಿ,” ಎಂದರು. ಹಿಂದೆಯೇ, “ಅಲ್ಲಿ ಕುರಿ ಅದಾವೇನು?”

“ಮಂದಿಗಿಂತ ಕುರೀನ ಭಾಳರಿ.”

“ಹಂಗಾರ ಚಲೋ ಊರು ಬಿಡು.”

ಕುಂಟ ಮರಿಯನ್ನು ನಾನೇ ಓಡಿಹೋಗಿ ಎತ್ತಿ ಕೊಟ್ಟೆ. ಅದು ತನ್ನ ಕೃತಜ್ಞತೆಯನ್ನು ನನ್ನ ಸೀರೆಯ ಮೇಲೆ ಬಿಟ್ಟಿತು. ನನ್ನದು ಸಿಸ್ಟರಿಗೆ ಸಂದಿತು. ಅವರು ಕಲಿಸಿದ ವ್ಯಾಕರಣ ಈ ಮನೆಯಲ್ಲಿ ಒಂದು ದಿನವೂ ಉಪಯೋಗಕ್ಕೆ ಬರಲಿಲ್ಲ. ಜ್ವರದಲ್ಲಿ ಹೇಳಿದ ಕಥೆ ಒಂದು ಕಣ್ಣು ಕಾಪಾಡಿತು.

ಸಂಜೆ ಪಕ್ಕದ ಮನೆಯ ಗಂಗವ್ವ ಅತ್ತೆಯನ್ನು ನೋಡಲು ಬಂದರು. ಅತ್ತೆ ಮಲಗಿದಲ್ಲಿಂದಲೇ ಶುರು ಮಾಡಿದರು: “ಗಂಗವ್ವ, ನಿನ್ನ ತವರುಮನಿ ವಳಸಂಗದಾಗ ಸಮುದ್ರ ಐತಂತ, ಅದರಾಗ ಊರು ಮುಳುಗೇತಂತ. ಮುಂಜಾನಿ ಗಂಟಿ ಇಲ್ಲಿತನಾ ಕೇಳಿಸ್ತು!”

ನನ್ನ ವೇಲ್ಸ್ ಅತ್ತೆಯ ಕಿವಿಯಲ್ಲಿ ಇಲ್ಲೇ ಹತ್ತಿರದ ವಳಸಂಗವಾಗಿತ್ತು. ನಾನು ನಾಚಿಕೊಂಡು, ಅದು ವೇಲ್ಸ್, ಇಂಗ್ಲೆಂಡಿನ ಬಾಜೂಕ್ಕೆ ಇದೆ ಎಂದು ಬಿಡಿಸಿ ಹೇಳಿದೆ. ದಂಡೆಯ ಕಲ್ಲುಗಳ ಸದ್ದನ್ನೂ ಶೇಂಗಾ ಡಬ್ಬಿ ಅಲ್ಲಾಡಿಸಿ ಕೇಳಿಸಿದೆ.

ಗಂಗವ್ವ ಚಹಾ ಊದಿಕೊಳ್ಳುತ್ತ ಎಲ್ಲವನ್ನೂ ಕೇಳಿ ನನ್ನ ಕಡೆ ತಿರುಗಿದರು. “ಅದು ಇರ್ಲಿರಿ. ಈ ಡಫಳಾಪುರಕ್ಕ ಸೊಸಿಯಾಗಿ ಬಂದು ಇಷ್ಟು ವರ್ಷ ಆತು, ನಮ್ಮ ವಳಸಂಗನರ ಒಮ್ಮಿ ನೋಡೀರೇನ್ರಿ?”