ಅಜ್ಜನ ಅವಸರ

ಹೋದ ತಿಂಗಳು ಉಮಾಮಹೇಶ್ವರ ಅತಿವೇಗಕ್ಕೆ ದಂಡ ಕಟ್ಟಿದ. ದಂಡದ ಫೋಟೋ ಅದು ಹೇಗೋ ಮಾವನ ಮನೆಯ ವಾಟ್ಸಾಪ್ ಗುಂಪಿಗೆ ಹೋಗಿ, ಅವನ ಮರ್ಯಾದೆ ಮೂರು ಕಾಸಿಗೆ ಹರಾಜಾಯಿತು. ಹೆಂಡತಿ ಭವ್ಯ ಅವತ್ತೇ ಹೇಳಿದ್ದಳು: "ಇನ್ನೊಂದ್ ಸಲ ಹಿಂಗಾದ್ರೆ ಕಾರಿನ ಕೀ ನನ್ ಕೈಗೆ. ನೀವು ಬಸ್ಸಿಗೆ."

ಅದಕ್ಕೇ ಇವತ್ತು ನಾದಿನಿಯ ಮದುವೆಗೆ, ಭವ್ಯಳ ಅಜ್ಜ ವಾಸಪ್ಪನವರನ್ನು ಭಂಡಿಗಡಿಯಿಂದ ಶೃಂಗೇರಿಯ ಛತ್ರಕ್ಕೆ ಕರೆದೊಯ್ಯುವಾಗ ಕಾರು ತುಂಬು ಗಬ್ಬದ ಎಮ್ಮೆಯ ಹಾಗೆ ಹೊರಟಿತ್ತು. ಬೋರ್ಡು ನಲವತ್ತು ಅಂದರೆ ಇವನದು ಮೂವತ್ತು. ಜೊತೆಗೆ ಎರಡೂ ಕಡೆ ಇಂಡಿಕೇಟರು ಮಿಣಮಿಣ. ಹಿಂದೆ ಜೀಪು, ಪಿಕಪ್ಪು, ಬಸ್ಸು, ಒಂದರ ಬಾಲಕ್ಕೊಂದು.

"ಎಂತ ಮಾರಾಯ, ಇಳ್ದು ನಡೆದ್ರೆ ನಾನೇ ಮುಂಚೆ ಮುಟ್ತೀನಿ," ಎಂದು ಗೊಣಗಿದ ಅಜ್ಜ ಸೀಟು ಹಿಂದಕ್ಕೆ ಬಾಗಿಸಿ, ಬಿಳಿ ಶಾಲನ್ನು ಮುಖದ ಮೇಲೆಳೆದುಕೊಂಡು ಮಲಗಿಬಿಟ್ಟರು.

ಹರಿಹರಪುರ ದಾಟುವಾಗ ಚಹಾದಂಗಡಿಯ ಸುಬ್ಬಮ್ಮ ಎದ್ದು ಕೈಮುಗಿದಳು. ಮುಂದಿನ ತಿರುವಿನಲ್ಲಿ ಒಬ್ಬ ತಲೆಯ ಟವೆಲು ತೆಗೆದು ನಿಂತ. ತನ್ನ ಶಿಸ್ತಿಗೆ ಸಂದ ಗೌರವ ಎಂದುಕೊಂಡ ಉಮಾಮಹೇಶ್ವರ ಎಲ್ಲರಿಗೂ ತಲೆಬಾಗಿದ.

ಆಗ ಅತ್ತೆ ಯಮುನಮ್ಮನ ಫೋನು ಬಂತು. ಬರೀ ಅಳು. "ಅಳಿಯಂದ್ರೇ, ನಮ್ ಮಾವನವ್ರು ಹೋಗ್ಬಿಟ್ರಂತಲ್ಲ! ಕಾರಲ್ಲಿ ಹೆಣ, ಹಿಂದೆ ಊರಿಗೂರೇ ಬರ್ತಿದ್ಯಂತೆ! ಸೂತಕ ಅಂತ ಭಟ್ರು ಧಾರೆ ನಿಲ್ಸಿ ಕೂತಿದಾರೆ!"

"ಅಯ್ಯೋ ಅತ್ತೆ, ಇಲ್ಲೇ ಮಲಗಿದಾರೆ! ಮಾತಾಡಿ... ಅಜ್ಜಾ! ಅಜ್ಜಾ!"

ಅಜ್ಜ ಕದಲಲಿಲ್ಲ. ಉಮಾಮಹೇಶ್ವರ ಅವರ ಮೂಗಿನ ಹತ್ತಿರ ಬೆರಳಿಟ್ಟ. ಉಸಿರು ಬೆಚ್ಚಗಿತ್ತು. "ಒಳ್ಳೇ ನಿದ್ದೆ ಅತ್ತೆ," ಎಂದ.

"ನೋಡಿದವ್ರೂ ಹಂಗೇ ಅಂದ್ರು, ನಿದ್ದೆ ಮಾಡ್ದಂಗೇ ಇದಾರೆ ಅಂತ!" ಅತ್ತೆಯ ಅಳು ಜೋರಾಯಿತು. "ಮುಹೂರ್ತ ಮೀರ್ತಿದೆ. ಕಣ್ಣಾರೆ ಕಾಣದೆ ಭಟ್ರು ಏಳಲ್ಲ!"

ಉಮಾಮಹೇಶ್ವರ ಬೋರ್ಡು ಮರೆತು ಆಕ್ಸಿಲರೇಟರ್ ತುಳಿದ. ಕಣಜ ಕಚ್ಚಿದ ಹೋರಿಯಂತೆ ಹಾರಿದ ಕಾರು ನಿಂತದ್ದು ಪೊಲೀಸಿನವನ ಕೈಯೆದುರೇ.

"ರೀ, ಹೆಣ ಇಟ್ಕೊಂಡು ಈ ಪಾಟಿ ಸ್ಪೀಡಾ? ಹೋದವ್ರಿಗೆ ಇನ್ನೆಂತ ಅವಸರ?" ಎಂದ ಅವನು ಶಾಲು ನೋಡಿ ಟೋಪಿ ತೆಗೆದ. "ಪಾಪ, ದುಃಖದಲ್ಲಿದೀರ. ಹೋಗಿ, ದಂಡ ಹಾಕಲ್ಲ."

ಉಮಾಮಹೇಶ್ವರ ನಿಜ ಹೇಳಲು ಬಾಯಿ ತೆರೆದ. ಕೀ ನೆನಪಾಯಿತು. ಬಾಯಿ ಮುಚ್ಚಿ, ತಲೆ ತಗ್ಗಿಸಿ, ಥೂ, ಮೂಗು ಬೇರೆ ಒರೆಸಿಕೊಂಡ.

ಶಾಲು ಎದ್ದು ಕೂತಿತು. "ಅವಸರ ನಂಗೇ ಮಾರಾಯ! ಮೊಮ್ಮಗಳ ಧಾರೆ ಐತೆ!"

ಎರಡು ಹೆಜ್ಜೆ ಹಿಂದೆ ಹಾರಿದ ಪೊಲೀಸಿನವನು ಸುಧಾರಿಸಿಕೊಂಡು ದಂಡ ಹಾಕಿದ. ಅಷ್ಟರಲ್ಲಿ ಹಿಂದಿದ್ದ ಜೀಪು, ಬಸ್ಸುಗಳೆಲ್ಲ ಇಣುಕಿ, ನಕ್ಕು, ಮುಂದೆ ಹೋದವು.

"ಎಚ್ಚರ ಇತ್ತಾ ಅಜ್ಜ? ಫೋನಲ್ಲಿ ಒಂದ್ ಮಾತು ಆಡ್ಬಾರ್ದಿತ್ತಾ?"

"ಆಡಿದ್ರೆ ನೀನು ಮತ್ತೆ ಮೂವತ್ತಕ್ಕಿಳೀತಿದ್ದೆ. ನಾನು ಸುಮ್ನೆ ಮಲಗಿದ್ದೆ ಅಷ್ಟೇ. ಕೊಂದಿದ್ದು ನೀನು."



ಅಜ್ಜನನ್ನು ಕಂಡದ್ದೇ ಭಟ್ಟರು ಎದ್ದರು, ಓಲಗ ಮೊಳಗಿತು, ಧಾರೆಯಾಯಿತು. ಛತ್ರದ ಬಾಗಿಲಲ್ಲಿ ಭವ್ಯ ಕೈ ಚಾಚಿ ನಿಂತಿದ್ದಳು. ಸುದ್ದಿ ಜೀಪಿನಲ್ಲಿ ಮೊದಲೇ ಬಂದಿತ್ತು. ಉಮಾಮಹೇಶ್ವರ ಕೀ ಕೊಟ್ಟ.

ಸಂಜೆ ಬಸ್ಸು ಹತ್ತಿದ. ಅದು ಯಾವ ಬೋರ್ಡಿಗೂ ಹೆದರದೆ ತಿರುವಿನಲ್ಲಿ ಹಾರುತ್ತಿತ್ತು. ಮುಂದಿನ ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿದವನ ಭುಜ ಅಲುಗಿಸಿ ಕಂಡಕ್ಟರ್ ಕೇಳಿದ: "ಬದ್ಕಿದೀರಾ?"